ಬಾಯೊಳಗಿನ ಬಿಳಿ ಮಚ್ಚೆ: ನೋವಿಲ್ಲ ಎಂದು ಬಿಡಬಹುದೇ?

ಪ್ರಶ್ನೆ: ನಮ್ಮ ಯಜಮಾನರಿಗೆ 48 ವರ್ಷ. 20 ವರ್ಷದಿಂದ ಹೊಗೆಸೊಪ್ಪು ಹಾಕಿ ಕವಳ (ಎಲೆ, ಅಡಿಕೆ, ಸುಣ್ಣ) ಹಾಕುತ್ತಾರೆ. ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ ಎದ್ದು ಮೂರು ತಿಂಗಳಾಯಿತು. ನೋವಿಲ್ಲ, ಸುಣ್ಣ ಸುಟ್ಟಿದ್ದು ಎನ್ನುತ್ತಾರೆ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆಯೇ? ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತದಂತೆ, ನಿಜವೇ?
– ಓದುಗರು, ಶಿರಸಿ

ಉತ್ತರ: ಈ ವಾರವೇ ಕರೆದುಕೊಂಡು ಹೋಗಿ. ಸುಣ್ಣದಿಂದ ಬಾಯಿ ಸುಟ್ಟಿದ್ದರೆ, ಕವಳ ನಿಲ್ಲಿಸಿದ ಎರಡು ವಾರದೊಳಗೆ ಮಾಯಬೇಕು. ಮೂರು ತಿಂಗಳು ಉಳಿದಿದ್ದಕ್ಕೆ ಬೇರೆ ಕಾರಣ ಹುಡುಕಲೇಬೇಕು. ನೋವಿಲ್ಲದಿರುವುದು ಸಮಾಧಾನದ ಮಾತಲ್ಲ. ಬಾಯಿ ಕ್ಯಾನ್ಸರ್‌ನ ಮೊದಲ ಹಂತದಲ್ಲಿ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗುತ್ತ, ಜೆಲ್ ಹಚ್ಚುತ್ತ ತಿಂಗಳುಗಟ್ಟಲೆ ಕಳೆದು, ನೋವು ಶುರುವಾದ ಮೇಲೆ ಬರುವವರೇ ಹೆಚ್ಚು. ಅಷ್ಟರಲ್ಲಿ ಗಡ್ಡೆ ದವಡೆ ಮೂಳೆಗೋ ಕುತ್ತಿಗೆಯ ಗ್ರಂಥಿಗೋ ಇಳಿದಿರಬಹುದು.

ರಕ್ತ ಪರೀಕ್ಷೆಗೆ ದುಡ್ಡು ಹಾಕಬೇಡಿ. ಬಾಯಿ ಕ್ಯಾನ್ಸರನ್ನು ಬೇಗ ಹಿಡಿಯಬಲ್ಲ ರಕ್ತ ಪರೀಕ್ಷೆ ಇಲ್ಲ. ‘ಫುಲ್ ಬಾಡಿ’ ಪ್ಯಾಕೇಜಿನ ವರದಿ ನಾರ್ಮಲ್ ಬಂದರೆ ಯಜಮಾನರು ಇನ್ನೂ ಆರು ತಿಂಗಳು ಮುಂದೂಡುತ್ತಾರೆ, ನಮ್ಮ ಭಯ ಅದೇ. ಇಲ್ಲಿ ಬೇಕಾಗಿರುವುದು ಬೆಳಕು, ಬೆರಳು ಮತ್ತು ನೋಡಲು ಬಲ್ಲ ಕಣ್ಣು. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ದೊಡ್ಡ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಯಿತು.

ಮನೆಯಲ್ಲೂ ತಿಂಗಳಿಗೊಮ್ಮೆ ನೋಡಿಕೊಳ್ಳಬಹುದು. ಕವಳ ಉಗಿದು, ಬಾಯಿ ಚೆನ್ನಾಗಿ ಮುಕ್ಕಳಿಸಿ; ಕಟ್ಟಿಸಿದ ಹಲ್ಲಿದ್ದರೆ ತೆಗೆಯಿರಿ. ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಹಿಡಿಯಿರಿ. ತುಟಿ ಮಡಿಚಿ ವಸಡು ನೋಡಿ. ಆಮೇಲೆ ಕೆನ್ನೆಯನ್ನು ಹೊರಕ್ಕೆ ಎಳೆದು, ಕೆನ್ನೆ ಮತ್ತು ಕೆಳವಸಡು ಸೇರುವ ಸಂದನ್ನು ಕೊನೆಯ ದವಡೆಹಲ್ಲಿನ ಹಿಂದಿನವರೆಗೆ ನೋಡಿ. ಕವಳ ಒತ್ತಿ ಇಟ್ಟುಕೊಳ್ಳುವುದು ಅಲ್ಲೇ, ನಮ್ಮಲ್ಲಿ ಕ್ಯಾನ್ಸರ್ ಹೆಚ್ಚಾಗಿ ಏಳುವುದೂ ಅಲ್ಲೇ. ಕನ್ನಡಿಯಲ್ಲಿ ಸುಮ್ಮನೆ ಬಾಯಿ ಕಳೆದರೆ ಆ ಸಂದು ಕಾಣುವುದೇ ಇಲ್ಲ. ನಾಲಿಗೆಯ ತುದಿಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಬದಿಗೆ ಎಳೆದು ಅಂಚು ನೋಡಿ, ಎತ್ತಿ ಅಡಿಭಾಗ ನೋಡಿ. ಕಡೆಗೆ ಒಂದು ಬೆರಳು ಒಳಗೆ, ಹೆಬ್ಬೆರಳು ಹೊರಗೆ ಇಟ್ಟು ಕೆನ್ನೆಯನ್ನು ಒತ್ತಿ ನೋಡಿ, ಎಲ್ಲಾದರೂ ಗಟ್ಟಿ ಸಿಗುತ್ತದೆಯೇ ಎಂದು. ದವಡೆಯ ಕೆಳಗೆ, ಕುತ್ತಿಗೆಯಲ್ಲಿ ಗಂಟಿದೆಯೇ ಎಂದೂ ತಡವಿ.

ಒರೆಸಿದರೆ ಹೋಗದ ಬಿಳಿ ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಮುಟ್ಟಿದರೆ ರಕ್ತ, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಇವು ಕಂಡರೆ ಕಾಯಬೇಡಿ. ಕೆಂಪು ಮಚ್ಚೆ, ಅಥವಾ ಬಿಳಿಯ ನಡುವೆ ಕೆಂಪು ಇದ್ದರೆ ಅಪಾಯ ಬಿಳಿಗಿಂತ ಹೆಚ್ಚು.

ಬಯಾಪ್ಸಿಯಿಂದ, ಅಂದರೆ ಮಚ್ಚೆಯ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದರಿಂದ, ಕ್ಯಾನ್ಸರ್ ಹರಡುತ್ತದೆ ಎಂಬುದು ನಿಜವಲ್ಲ. ಈ ಮಾತು ನಂಬಿ ತಡ ಮಾಡಿದವರಿಗೆ ಆಗುವ ನಷ್ಟ ಮಾತ್ರ ನಿಜ. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕೆಲವು ಮಿಲಿಮೀಟರ್ ತುಣುಕು ತೆಗೆಯುತ್ತಾರೆ, ಬೇಕಾದರೆ ಒಂದೆರಡು ಹೊಲಿಗೆ. ಸಾಮಾನ್ಯವಾಗಿ ಅಂದೇ ಮನೆಗೆ ಬರಬಹುದು. ಮಚ್ಚೆಯಲ್ಲಿ ಅತಿ ಅನುಮಾನದ ಭಾಗದಿಂದಲೇ, ಅಂದರೆ ಕೆಂಪಾದ ಅಥವಾ ಗಟ್ಟಿಯಾದ ಕಡೆಯಿಂದ, ತುಣುಕು ತೆಗೆದಿರಬೇಕು. ಬೇರೆಡೆ ತೆಗೆದರೆ ಕ್ಯಾನ್ಸರ್ ಇದ್ದೂ ವರದಿಯಲ್ಲಿ ತಪ್ಪಿಹೋಗಬಹುದು. ಆದ್ದರಿಂದ ವರದಿ ಚೆನ್ನಾಗಿ ಬಂದೂ ಮಚ್ಚೆ ಬೆಳೆಯುತ್ತಿದ್ದರೆ ಮತ್ತೆ ಬಯಾಪ್ಸಿ ಕೇಳಿ. ‘ಡಿಸ್ಪ್ಲೇಸಿಯಾ’ ಎಂದು ಬರೆದಿದ್ದರೆ ಅದು ಕ್ಯಾನ್ಸರ್ ಅಲ್ಲ, ಜೀವಕೋಶಗಳು ದಾರಿ ತಪ್ಪತೊಡಗಿವೆ ಎಂದರ್ಥ. ತೀವ್ರವಾಗಿದ್ದರೆ ಮಚ್ಚೆಯನ್ನು ತೆಗೆಸುವುದೇ ಸರಿ. ಒಂದು ವೇಳೆ ಕ್ಯಾನ್ಸರೇ ಆಗಿ, 2 ಸೆಂ.ಮೀ. ಒಳಗಿದ್ದು, ಆಳಕ್ಕೂ ಕುತ್ತಿಗೆಗೂ ಇಳಿದಿರದಿದ್ದರೆ, ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯೊಂದೇ ಸಾಕಾಗುತ್ತದೆ.

ಎಲ್ಲಿಗೆ ಹೋಗಬೇಕು? ದಂತವೈದ್ಯರು ಅಥವಾ ಕಿವಿ-ಮೂಗು-ಗಂಟಲು ತಜ್ಞರ ಬಳಿ. 30 ದಾಟಿದವರ ಬಾಯಿ ಪರೀಕ್ಷೆ ಸರ್ಕಾರಿ ತಪಾಸಣಾ ಕಾರ್ಯಕ್ರಮದಲ್ಲೂ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ. ಅಲ್ಲಿ ಐದು ವರ್ಷಕ್ಕೊಮ್ಮೆ ಎನ್ನುತ್ತಾರೆ. ದಿನಾ ಕವಳ ಹಾಕುವವರಿಗೆ ಅದು ಸಾಲದು, ವರ್ಷಕ್ಕೊಮ್ಮೆಯಾದರೂ ತೋರಿಸಬೇಕು ಎಂಬುದು ನಮ್ಮ ಸಲಹೆ.

ಪ್ರಶ್ನೆ: ನಾನು ತಂಬಾಕು ಮುಟ್ಟುವುದಿಲ್ಲ, ಬರೀ ಅಡಿಕೆ. ಖಾರ ತಿಂದರೆ ಬಾಯಿ ಉರಿಯುತ್ತದೆ, ಬಾಯಿ ಪೂರ್ತಿ ತೆರೆಯಲು ಆಗುತ್ತಿಲ್ಲ.
– 29ರ ಯುವಕ, ಶಿವಮೊಗ್ಗ

ಉತ್ತರ: ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಟ್ಟು ನೋಡಿ. ಹೋಗದಿದ್ದರೆ, ಕೆನ್ನೆಯ ಒಳಗೆ ಹಗ್ಗದಂಥ ಬಿಗಿ ಪಟ್ಟಿಗಳು ಸಿಕ್ಕರೆ, ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಬಾಯಿಯ ಒಳಪದರದ ಕೆಳಗೆ ನಾರು ಬೆಳೆದು ಬಿಗಿಯುವ ಕಾಯಿಲೆ ಇರಬಹುದು. ಇದಕ್ಕೆ ಮುಖ್ಯ ಕಾರಣ ಅಡಿಕೆಯೇ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ. ಅಡಿಕೆಯ ನಾಡಿನಲ್ಲಿ ಈ ಮಾತು ಕೇಳಲು ಕಷ್ಟ, ಬಲ್ಲೆವು. ಆದರೆ ಗಟ್ಟಿಯಾದ ಪಟ್ಟಿ ಮತ್ತೆ ಪೂರ್ತಿ ಮೆತ್ತಗಾಗುವುದಿಲ್ಲ. ಅಡಿಕೆ ಇಂದೇ ಬಿಟ್ಟರೆ ಬಿಗಿಯುವುದು ನಿಲ್ಲುವ ಅವಕಾಶವಿದೆ. ಬಾಯಿ ತೆರೆಸುವ ವ್ಯಾಯಾಮವನ್ನು ವೈದ್ಯರಿಂದ ಕಲಿಯಿರಿ. ಬಿಟ್ಟ ಮೇಲೂ ಆರು ತಿಂಗಳಿಗೊಮ್ಮೆ ಬಾಯಿ ತೋರಿಸುವುದನ್ನು ನಿಲ್ಲಿಸಬೇಡಿ. ಬಾಯಿ ಇನ್ನೂ ಕಿರಿದಾದರೆ ಟಾರ್ಚ್ ಹಿಡಿದರೂ ಹಿಂದಿನ ಭಾಗ ಕಾಣುವುದಿಲ್ಲ.