ಟಿಪ್ಪಣಿಯಲ್ಲಿರುವ ಸಾಕ್ಷಿಗಳ ಹೆಸರು ಸೂಚಿಗೆ ಬಾರದಿದ್ದರೆ

ವಂಶವೃಕ್ಷ ದಾಖಲಿಸುವ ಗ್ರ್ಯಾಂಪ್ಸ್ (Gramps) ತಂತ್ರಾಂಶದ ಟಿಪ್ಪಣಿಯಲ್ಲಿ ನೀವು ಟೈಪ್ ಮಾಡಿದ ಕ್ರಯಪತ್ರದ ಸಾಕ್ಷಿಗಳು ಹೆಸರಿನ ಸೂಚಿಯಲ್ಲಿ ಕಾಣದಿರಲು ಕಾರಣ ಬಹುಶಃ ಇಷ್ಟೇ: ತಂತ್ರಾಂಶಕ್ಕೆ ಅದು ಬರಿಯ ಅಕ್ಷರ, ವ್ಯಕ್ತಿಯಲ್ಲ. ಮೊದಲು ಪ್ರತಿ ಸಾಕ್ಷಿಗೂ ವ್ಯಕ್ತಿ ದಾಖಲೆ ತೆರೆಯಿರಿ, ಬಂಧುವಲ್ಲದಿದ್ದರೂ ಅಡ್ಡಿಯಿಲ್ಲ. ಕ್ರಯವನ್ನು ಒಂದು ಘಟನೆಯಾಗಿ ದಾಖಲಿಸಿ. ಬಳಿಕ ಸಾಕ್ಷಿಯ ಘಟನೆಗಳ ಟ್ಯಾಬ್‌ನಲ್ಲಿ ಹೊಸದನ್ನು ಸೃಷ್ಟಿಸದೆ ಅದೇ ಘಟನೆಯನ್ನು ಹಂಚಿಕೊಂಡು, ಪಾತ್ರವನ್ನು ‘ಸಾಕ್ಷಿ’ ಎಂದು ಆರಿಸಿ.

ಮಂಡ್ಯದ ಕಡೆಯ ಪತ್ರಗಳಲ್ಲಿ ಇನ್ನೊಂದು ತೊಡಕು: ತಾತನ ಹೆಸರೇ ಮೊಮ್ಮಗನಿಗೂ. ನನ್ನ ಪಟ್ಟಿಯಲ್ಲೇ ಮೂವರು ಸಿದ್ದೇಗೌಡರಿದ್ದಾರೆ! ‘ಬಿನ್’ ಎಂಬುದರ ಮುಂದಿನ ತಂದೆಯ ಹೆಸರನ್ನೂ ಊರನ್ನೂ ನೋಡದೆ ಜೋಡಿಸಬೇಡಿ. ಅನುಮಾನವಿದ್ದರೆ ಬೇರೆ ಬೇರೆ ದಾಖಲೆಯಾಗಿಯೇ ಇಡಿ. ಇಬ್ಬರೂ ಒಬ್ಬರೇ ಎಂದು ಖಚಿತವಾದ ದಿನ ವಿಲೀನಗೊಳಿಸಬಹುದು.