ಆರ್‌ಎಕ್ಸ್ 100ರ ಸೀಳಿದ ಸೈಡ್ ಪ್ಯಾನೆಲ್ ಕುರಿತು

ನಮಸ್ಕಾರ. ವಿಜಯಪುರದಲ್ಲಿರುವ ನಿಮ್ಮ ತಂದೆಯವರ 1991ರ ಯಮಹಾ ಆರ್‌ಎಕ್ಸ್ 100 ಗಾಡಿಯ ಸೈಡ್ ಪ್ಯಾನೆಲ್ ಗಾಡಿಗೆ ಸಿಕ್ಕಿಸುವ ಗೂಟದ ಬಳಿ ಸೀಳಿದ್ದು, ಅಂಟು ಹಚ್ಚಿದರೂ ಎರಡೇ ದಿನಕ್ಕೆ ಬಿಡುತ್ತದೆ, ಹೊಸದನ್ನೇ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಕೊಳ್ಳಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಕಂಪನಿಯ ಮೂಲ ಭಾಗ ಸೀಳಿದ್ದರೂ ಅದನ್ನು ಉಳಿಸಿಕೊಳ್ಳುವುದೇ ಲೇಸು.

ಮೊದಲು ಅದು ಯಾವ ಪ್ಲಾಸ್ಟಿಕ್ ಎಂದು ತಿಳಿಯಬೇಕು. ಒಳಮೈಯಲ್ಲಿ ಗುರುತು ಇಲ್ಲದಿದ್ದರೆ, ಅಂಚಿನಿಂದ ಕೆತ್ತಿದ ಮೇಲೆ ಬಣ್ಣ ಬಳಿದಿರದ ಚೂರನ್ನು ನೀರಿನ ಲೋಟದಲ್ಲಿ ಅದ್ದಿ ಬಿಡಿ: ಪಾಲಿಪ್ರೊಪಿಲೀನ್ ತೇಲುತ್ತದೆ, ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಮುಳುಗುತ್ತದೆ. ಮುಳುಗಿದ ಚೂರು ಅಸಿಟೋನ್ ಎಂಬ ದ್ರಾವಕದಲ್ಲಿ ಕರಗಿದರೆ ಅದು ಎಬಿಎಸ್ ಎಂದು ನಂಬಬಹುದು. ಆಗ ಗುಜರಿಯಲ್ಲಿ ಸಿಗುವ ಎಬಿಎಸ್ ಚೂರುಗಳನ್ನು ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ರಾತ್ರಿಯಿಡೀ ನೆನೆಸಿದರೆ ಜೇನಿನಂತಹ ಗಟ್ಟಿ ದ್ರವವಾಗುತ್ತದೆ. ಸೀಳಿನ ಒಳಭಾಗವನ್ನು ಇಂಗ್ಲಿಷಿನ ವಿ ಅಕ್ಷರದಂತೆ ಕೆತ್ತಿ, ತೆಳುವಾದ ತಾಮ್ರದ ಜಾಲರಿಯ ತುಂಡನ್ನಿಟ್ಟು, ಈ ದ್ರವವನ್ನು ಪದರ ಪದರವಾಗಿ ತುಂಬಿರಿ. ಅಸಿಟೋನ್ ಬೇಗ ಹೊತ್ತಿಕೊಳ್ಳುವುದರಿಂದ ಅಡುಗೆಮನೆಯಲ್ಲಿ ಈ ಕೆಲಸ ಬೇಡ. ಒಣಗಲು ಕನಿಷ್ಠ ಎರಡು ದಿನ ನೆರಳಿನಲ್ಲಿಡಿ. ನಮ್ಮ ಕಡೆಯ ಬೇಸಿಗೆ ಬಿಸಿಲಿಗೆ ಇಟ್ಟರೆ ಬೇಗ ಮುಗಿಯುತ್ತದೆಂಬ ಆಸೆ ನನಗೂ ಇತ್ತು, ಆದರೆ ಒಳಗೆ ಗುಳ್ಳೆಗಳೆದ್ದು ಬೆಸುಗೆ ಕೆಟ್ಟಿತು.

ಅನಂತರ 400, 800 ನಂಬರಿನ ನೀರು ಕಾಗದದಿಂದ (ನೀರು ಹಾಕಿ ಉಜ್ಜುವ ಮರಳು ಕಾಗದ) ಉಜ್ಜಿ, ಪ್ರೈಮರ್ ಬಳಿದು ಬಣ್ಣ ಹೊಡೆಸಿ. ಚೂರು ತೇಲಿದರೆ ಈ ವಿಧಾನ ನಡೆಯದು. ಅದೇ ಪ್ಲಾಸ್ಟಿಕ್ಕಿನ ಕಡ್ಡಿಯಿಂದ ಬಿಸಿ ಬೆಸುಗೆಯೇ ಆಗಬೇಕು.