ಮೆಕ್ಕೆಜೋಳದ ರಾಶಿಯೋ, ಮೇವಿನ ತಾಕೋ?

ಪ್ರಶ್ನೆ: ಅಮೆರಿಕದ ಕೆಲವು ರಾಜ್ಯಗಳಲ್ಲಿ ಜೋಳ ಸುರಿದು ಜಿಂಕೆ ಹೊಡೆಯುವುದು ಅಪರಾಧ, ಮೇವು ಬೆಳೆಸಿ ಕಾದು ಹೊಡೆಯುವುದು ಸರಿಯಂತೆ. ಎರಡೂ ಆಮಿಷವೇ ಅಲ್ಲವೆ? – ಓದುಗರೊಬ್ಬರು, ಬದಿಯಡ್ಕ

ಉತ್ತರ: ಉದ್ದೇಶ ಒಂದೇ, ನಿಜ. ಆದರೆ ರಾಶಿಗೆ ಹತ್ತಾರು ಜಿಂಕೆಗಳು ಒಟ್ಟಿಗೆ ಮೂತಿ ಹಾಕುತ್ತವೆ. ಜಿಂಕೆಗಳ ಮೆದುಳು ತಿನ್ನುವ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗ ಜೊಲ್ಲಿನಿಂದ ಹರಡುತ್ತದೆ, ಅದನ್ನು ತರುವ ಪ್ರಿಯಾನ್ ಎಂಬ ವಿಕೃತ ಪ್ರೋಟೀನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಚಳಿಗಾಲದಲ್ಲಿ ಕಡ್ಡಿ-ಚಿಗುರಿಗೆ ಒಗ್ಗಿದ ಹೊಟ್ಟೆಗೆ ದಿಢೀರನೆ ಕಾಳು ಬಿದ್ದರೆ ಆಮ್ಲ ಏರಿ ಸಾಯುವುದೂ ಉಂಟು, ಅಕ್ಕಿ ಮುಕ್ಕಿದ ದನದ ಹಾಗೆ. ತಾಕಿನಲ್ಲಿ ಅವು ಚದುರಿ ಮೇಯುತ್ತವೆ. ಆದರೆ ತಾಕು ಬೆಳೆಸಲು ಹುಳಿಮಣ್ಣಿಗೆ ಸುಣ್ಣ ಹಾಕಿ ಪಿಎಚ್ (ಆಮ್ಲೀಯತೆಯ ಅಳತೆ) 6–7ರ ನಡುವೆ ಇರುವಂತೆ ಮಾಡಬೇಕು. ಕ್ಲೋವರ್ ಎಂಬ ಮೇವಿನ ಗಿಡದ ಬೀಜ ಕಾಲು ಇಂಚಿಗಿಂತ ಆಳಕ್ಕಿಳಿದರೆ ಮೊಳಕೆ ಮೇಲೇಳದು. ತಾಕು ತೀರಾ ಚಿಕ್ಕದಾದರೆ ಅಲ್ಲಿಯೂ ನೂಕುನುಗ್ಗಲೇ, ಬೇರೂರುವ ಮೊದಲೇ ಬೋಳು.

ನಿಮ್ಮ ಅಡಿಕೆ ತೋಟದಂಚಿನಲ್ಲಿ ಮಾತ್ರ ಇದೆಲ್ಲ ಬೇಡ: 1972ರ ವನ್ಯಜೀವಿ ಕಾಯ್ದೆಯ ‘ಬೇಟೆ’ಯಲ್ಲಿ ಆಮಿಷ ಒಡ್ಡುವುದೂ ಸೇರಿದೆ.